ಫ್ಯಾನ್ ಯಾರಿಗ್ ತಿರ್ಗುದ್?

ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನನ್ನು ಕಂಡರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ. ಇದು ಕರೆಂಟು ಬಿಲ್ಲಿನ ಚಿಂತೆಯಲ್ಲ ಎಂದರೆ ನನ್ನ ಹೆಂಡತಿ ನಂಬುವುದಿಲ್ಲ. ನಿಜವಾಗಿಯೂ ಅಲ್ಲ, ಇದು ಉದ್ಯೋಗದಿಂದ ಅಂಟಿಕೊಂಡ ರೋಗ. ನಾನು ಬ್ಯಾಂಕಿನವನು. ಸಂಜೆ ಶಾಖೆ ಮುಚ್ಚುವ ಮೊದಲು ತಿಜೋರಿಯ ಹಿಡಿಯನ್ನು ಜಗ್ಗಿ ನೋಡಬೇಕು, ದೀಪ, ಫ್ಯಾನು, ಏಸಿ ಎಲ್ಲ ಆರಿದೆಯೇ ಎಂದು ಕಣ್ಣಾಡಿಸಬೇಕು, ಬೀಗ ಹಾಕಿದ ಮೇಲೆ ಬೀಗವನ್ನೂ ಒಮ್ಮೆ ಜಗ್ಗಬೇಕು. ಕೋಲ್ಕತ್ತಾದ ಆ ತುದಿಯ ದಕ್ಷಿಣೇಶ್ವರದ ಶಾಖೆಯಿಂದ ಈ ತುದಿಯ ಬೆಹಾಲಾದ ಮನೆಗೆ ಬರುವಷ್ಟರಲ್ಲಿ ನನ್ನೊಳಗಿನ ಮ್ಯಾನೇಜರು ದಾರಿಯಲ್ಲೆಲ್ಲಾದರೂ ಇಳಿದುಹೋಗಬೇಕು. ಇಳಿಯುವುದಿಲ್ಲ. ಚಪ್ಪಲಿ ಕಳಚುವ ಮೊದಲೇ ಶುರು. ಲೈಟ್ ನಂದ್ಸಿದ್ಯಾ, ಗ್ಯಾಸ್ ಬಂದ್ ಮಾಡಿದ್ಯಾ, ಬಾಗ್ಲ್ ಹಾಕಿದ್ಯಾ, ಆ ಫ್ಯಾನ್ ಯಾರಿಗ್ ತಿರ್ಗುದ್? ಈ ಊರಿಗೆ ಬಂದು ವರ್ಷಗಳೆಷ್ಟೋ ಕಳೆದ ಮೇಲೂ ಕುಂದಾಪುರದ ಕನ್ನಡ ನನ್ನ ಬಾಯಲ್ಲಿ ಉಳಿದಿದ್ದರೆ ಅದರ ಶ್ರೇಯಸ್ಸು ನಮ್ಮ ಮನೆಯ ಸ್ವಿಚ್ಚುಗಳಿಗೆ ಸಲ್ಲಬೇಕು.

ನಮ್ಮ ಒಬ್ಬಳೇ ಮಗಳು ಸಹನಾ ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವುದಿಲ್ಲ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ, ಸಿಟ್ಟಿನಲ್ಲಿದ್ದರೆ ಬಂಗಾಳಿಯಲ್ಲಿ. ಊರಿಗೆ ಹೋದಾಗ ನನ್ನ ಅಕ್ಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಂಟೆಗಟ್ಟಲೆ ಮಾತಾಡುತ್ತಾಳೆ. ಇವಳು ನಗುತ್ತಾಳೆ, ತಲೆಯಾಡಿಸುತ್ತಾಳೆ, ಅಷ್ಟೇ. ಇದನ್ನು ನಾನು ಹೊರಗೆ ತಮಾಷೆ ಮಾಡಿ ಹೇಳಿಕೊಂಡರೂ ಒಳಗೆ ಹೆದರಿಕೆಯಿತ್ತು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದ ಮಾತು ನನ್ನ ಹತ್ತಿರ ಬಂದು ನಿಂತೇಬಿಟ್ಟಿತಲ್ಲ ಎಂಬ ಹೆದರಿಕೆ. ನಾವಿಬ್ಬರೂ ಹೋದ ಮೇಲೆ ಈ ಮನೆಯಲ್ಲಿ ಕನ್ನಡ ಕೇಳಿಸುವುದಿಲ್ಲ ಎಂದುಕೊಂಡರೆ ನನಗೆ ಸಂಕಟವಾಗುತ್ತಿತ್ತು.

ಇಂಥ ಮಗಳು ಸಾಲ್ಟ್ ಲೇಕಿನ ಆಫೀಸೊಂದರಲ್ಲಿ ಕೆಲಸ ಮಾಡುತ್ತ, ಉಳಿದ ಹೊತ್ತಿನಲ್ಲಿ ಒಂದು ಬ್ಯಾಂಡಿನಲ್ಲಿ ಹಾಡುತ್ತಾಳೆ. ಅವರದು ಸ್ಟೋನರ್ ರಾಕ್ ಅಂತೆ. ಹಾಗೆಂದರೇನೆಂದು ನನ್ನ ಹೆಂಡತಿ ಪಕ್ಕದ ಫ್ಲ್ಯಾಟಿನವರನ್ನು ವಿಚಾರಿಸಿದಳು; ಅವರು ಗಾಂಜಾದ ಮಾತೆತ್ತಿದರು. ಅವತ್ತು ನಮ್ಮ ಮನೆಯ ಸಾರಿಗೆ ಉಪ್ಪೇ ಬೀಳಲಿಲ್ಲ. ಕೊನೆಗೆ ಪರೀಕ್ಷೆ ಮಾಡಿಯೇಬಿಡೋಣ ಎಂದು ಇಡೀ ಬ್ಯಾಂಡನ್ನು ಊಟಕ್ಕೆ ಕರೆದಳು. ಡ್ರಮ್ ಬಾರಿಸುವ ತಮೋಜಿತ್ ಎಂಬ ಗಡ್ಡದವನು ನನ್ನನ್ನು ಕಾಕು, ನನ್ನ ಹೆಂಡತಿಯನ್ನು ಕಾಕಿಮಾ, ಅಂದರೆ ಚಿಕ್ಕಪ್ಪ, ಚಿಕ್ಕಮ್ಮ ಎಂದು ಬಂಗಾಳಿಯಲ್ಲಿ ಕರೆದು, ಮೀನುಸಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡು, ಅದು ಸಂಗೀತದ ಹೆಸರು ಮಾತ್ರ, ತಮಗೆ ಚಹಾದ ಚಟವೊಂದು ಬಿಟ್ಟರೆ ಬೇರೇನಿಲ್ಲ ಎಂದು ವಿವರಿಸಿದ. ಮುಳ್ಳನ್ನು ಅಷ್ಟು ಚೊಕ್ಕವಾಗಿ ಬಿಡಿಸುವವನು ಸುಳ್ಳು ಹೇಳಲಾರ ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಳು.

ಅವರ ಮೊದಲ ಆಲ್ಬಮ್ ತಯಾರಾಗುತ್ತಿದ್ದಾಗ ಒಂದು ಭಾನುವಾರ ನಾನೂ ಸ್ಟುಡಿಯೋಗೆ ಹೋಗಿದ್ದೆ. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಸಣ್ಣ ಕೋಣೆ. ಕೆಮ್ಮಬಾರದು ಎಂದು ಹೇಳಿ ಮೂಲೆಯಲ್ಲಿ ಕೂರಿಸಿದರು. ಗಿಟಾರಿನ ತಂತಿಗಳನ್ನು ಎಷ್ಟು ಸಡಿಲಿಸಿದ್ದರೆಂದರೆ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತಿತ್ತು. ನಾಲ್ಕೇ ಸ್ವರದ ಒಂದು ತುಂಡನ್ನು ಸಾವಕಾಶವಾಗಿ ಬಾರಿಸಿದರು. ಮತ್ತೆ ಅದನ್ನೇ ಬಾರಿಸಿದರು. ಮತ್ತೂ ಅದನ್ನೇ. ಶ್ರುತಿ ಸೇರಿಸಿಕೊಳ್ಳುತ್ತಿದ್ದಾರೆ, ಹಾಡು ಈಗ ಶುರುವಾಗುತ್ತದೆ ಎಂದು ತಾಳ್ಮೆಯಿಂದ ಕಾದೆ. ಹೇಗಿತ್ತು ಹಾಡು ಎಂದು ತಮೋಜಿತ್ ಬಂದು ಕೇಳಿದಾಗಲೇ ಅದು ಮುಗಿದದ್ದು ಗೊತ್ತಾಗಿದ್ದು. ಮನೆಗೆ ಬರುವಾಗ ಮಗಳನ್ನು ಕೇಳಿದೆ, ಹೇಳಿದ್ದನ್ನೇ ಅಷ್ಟು ಸಲ ಯಾಕೆ ಹೇಳಬೇಕು ಎಂದು. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ. ಆಮೇಲೆ, ಆಲ್ಬಮ್ಮಿನಲ್ಲಿ ಒಂದು ಕನ್ನಡ ಹಾಡೂ ಇದೆ ಎಂದಳು, ಇಂಗ್ಲಿಷಿನಲ್ಲಿ.

ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಇಲ್ಲಿನ ಕನ್ನಡದವರ ಕೂಟದಲ್ಲಿ ರಾಜ್ಯೋತ್ಸವಕ್ಕೆ ಮಕ್ಕಳ ಕಾರ್ಯಕ್ರಮ ಹೊಂದಿಸಲು ಒದ್ದಾಡುತ್ತಿದ್ದರು, ಎಲ್ಲರ ಮನೆಯಲ್ಲೂ ಸಹನಾಳಂಥವರೇ. ನನ್ನ ಮಗಳು ಕನ್ನಡ ಹಾಡು ಮಾಡಿದ್ದಾಳೆ, ಅಂದು ಹಾಕಿಸೋಣ ಎಂದು ಎದೆಯುಬ್ಬಿಸಿ ಹೇಳಿಬಿಟ್ಟೆ. ಯಾವ ಹಾಡು ಎಂದು ಕೇಳಿದವರಿಗೆ, ಅವಳೇ ಬರೆದದ್ದಿರಬೇಕು ಎಂದೆ. ನದಿ, ನಾಡು, ತಾಯಿ ಹೀಗೆ ಏನಾದರೊಂದು ಇದ್ದೇ ಇರುತ್ತದೆ ಎಂದು ನನ್ನ ಅಂದಾಜು. ಮಗಳು ಮಾತ್ರ ಅಲ್ಲಿ ಬೇಡ ಎಂದು ಎಷ್ಟೋ ಹೇಳಿದಳು. ಸಂಕೋಚಪಡುತ್ತಿದ್ದಾಳೆಂದು ನಾನೇ ಅವಳ ಪೆನ್ ಡ್ರೈವ್ ಒಯ್ದು ಮೈಕಿನವನಿಗೆ ಕೊಟ್ಟೆ.

ಹಾಡು ಶುರುವಾಯಿತು. ಕುರ್ಚಿಗಳು ಗುಂಯ್‌ಗುಟ್ಟಿದವು. ಸ್ಪೀಕರು ಕೆಟ್ಟಿತೆಂದು ಮೈಕಿನವನು ವಯರು ಅಲ್ಲಾಡಿಸಿ ನೋಡಿದ. ಮುಂದಿನ ಸಾಲಿನಲ್ಲಿದ್ದ ರೈಲ್ವೆಯ ಪಾಟೀಲರು ಭಕ್ತಿಯಿಂದಲೋ ಭಯದಿಂದಲೋ ಕಣ್ಣು ಮುಚ್ಚಿಕೊಂಡರು. ಬಹಳ ಹೊತ್ತಿನ ಮೇಲೆ ಆ ಮೊಳಗಿನ ಅಡಿಯಿಂದ ನನ್ನ ಮಗಳ ದನಿ ಎದ್ದು ಬಂತು, ಎಳೆದು ಎಳೆದು, ಗಂಭೀರವಾಗಿ: ಲೈಟ್... ನಂದ್ಸಿದ್ಯಾ. ಮತ್ತೆ ಗಿಟಾರು. ಗ್ಯಾಸ್... ಬಂದ್ ಮಾಡಿದ್ಯಾ. ನನ್ನ ಕಿವಿ ಬಿಸಿಯಾಯಿತು. ಬಾಗ್ಲ್... ಹಾಕಿದ್ಯಾ. ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಬಂದದ್ದು ಫ್ಯಾನು. ಬಂದದ್ದು ಹೋಗಲೇ ಇಲ್ಲ. ಯಾರಿಗ್ ತಿರ್ಗುದ್, ಯಾರಿಗ್ ತಿರ್ಗುದ್ ಎಂದು ಹಾಡು ಮುಗಿಯುವವರೆಗೂ ತಿರುಗಿತು.

ಹಾಡು ಮುಗಿಯಿತು. ನನಗೆ ಹಿಂಬಾಗಿಲಿನಿಂದ ಜಾರಿಕೊಳ್ಳಬೇಕೆನಿಸಿತು. ಪಾಟೀಲರ ಹೆಂಡತಿ ಸುಮಿತ್ರಕ್ಕ ಕಣ್ಣೊರೆಸಿಕೊಳ್ಳುತ್ತಿದ್ದರು, ನಕ್ಕೋ ಅತ್ತೋ ಗೊತ್ತಿಲ್ಲ.

“ನಮ್ಮ ಮನ್ಯಾಗೂ ದಿನಾ ಇದ ಹಾಡರೀ, ತಾಳ ಅಷ್ಟ ಇರೂದಿಲ್ಲ,” ಎಂದರು ಧಾರವಾಡದ ಆ ತಾಯಿ. ಸಭೆಯೆಲ್ಲ ನಕ್ಕಿತು. ಅವರು ಹಿಂದೆ ತಿರುಗಿ, ಸಾಹಿತ್ಯ ಯಾರದು ಎಂದು ಸಹನಾಳನ್ನು ಕೇಳಿದರು.

“ಅಪ್ಪಯ್ಯಂದ್,” ಎಂದಳು ಅವಳು ಕೊನೆಯ ಸಾಲಿನಿಂದ.

ಚಪ್ಪಾಳೆ ಬಿತ್ತು. ನಾನೂ ಎದ್ದು ಕೈಮುಗಿದೆ. ಆದರೆ ಮನೆಗೆ ಬರುವಾಗ ಬಸ್ಸಿನಲ್ಲಿ ಮನಸ್ಸು ಎರಡು ಕಡೆಗೆ ಎಳೆಯುತ್ತಿತ್ತು. ತಿರ್ಗುದ್ ಎನ್ನುವಾಗ ಅವಳು ಕೊನೆಯ ಉಕಾರವನ್ನು ನುಂಗಿದ್ದು ಥೇಟ್ ನನ್ನ ಅಮ್ಮನ ಹಾಗೆಯೇ. ಕಲಿಸದೆ ಬಂದಿತ್ತು. ಮಾತು ನನ್ನ ಹತ್ತಿರ ನಿಂತಿರಲಿಲ್ಲ, ದಾಟಿತ್ತು. ಅದಕ್ಕೆ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಅದರ ಬೆನ್ನಿಗೇ ದುಃಖವೂ ಆಯಿತು. ಅಮ್ಮ ನನಗೆ ಅದೇ ಕನ್ನಡದಲ್ಲಿ ಹುಲಿಯ ಕಥೆ ಹೇಳಿದ್ದಳು, ಕಡಲಿನ ಕಥೆ ಹೇಳಿದ್ದಳು. ನಾನು ನನ್ನ ಮಗಳಿಗೆ ದಾಟಿಸಿದ್ದು ನಾಲ್ಕು ಸ್ವಿಚ್ಚು.

ಮರುದಿನ ತಿಂಡಿಯ ಹೊತ್ತಿಗೆ ಹೊಸ ಕನ್ನಡ ಶುರುಮಾಡುವುದೆಂದು ತೀರ್ಮಾನಿಸಿದೆ. ಅವಳ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ನೋಡದವನಂತೆ ಕುಳಿತು, ಕಿಟಕಿಯ ಹೊರಗೆ ತೋರಿಸಿ, ಇವತ್ತು ಆಕಾಶ ಎಷ್ಟು ಚಂದ ಇತ್ತಲ್ದಾ ಎಂದೆ. ಅವಳು ದೋಸೆ ಬಿಟ್ಟು ನನ್ನನ್ನೇ ನೋಡಿದಳು. ಮುಖದಲ್ಲಿ ನಿಜವಾದ ಗಾಬರಿ.

“ಅಪ್ಪಯ್ಯ, ನಿಮ್ಗೆ ಹುಷಾರಿಲ್ಯಾ?”

ಅಚ್ಚ ಕನ್ನಡದಲ್ಲಿ ಅವಳಾಗಿಯೇ ನನ್ನನ್ನು ಕೇಳಿದ ಮೊದಲ ಪ್ರಶ್ನೆ. ನನ್ನ ಕಣ್ಣು ತುಂಬಿತು. ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಬಾಯಿ ತೆರೆದೆ. ಆ ಫ್ಯಾನ್ ಯಾರಿಗ್ ತಿರ್ಗುದ್ ಎಂಬುದೇ ಹೊರಗೆ ಬಂತು. ಅವಳಿಗೆ ಸಮಾಧಾನವಾಯಿತು, ಕಣ್ಣು ಮುಚ್ಚಿ, ನಿಧಾನವಾಗಿ ತಾಳಕ್ಕೆ ತಲೆ ತೂಗತೊಡಗಿದಳು. ಎದ್ದು ಹೋಗಿ ಫ್ಯಾನು ಆರಿಸಿದವನು ನಾನೇ.