ಎರವಲು ಹೋದ ಲಾದ್ರು ಮಾಸ್ಟ್ರು

ಕಾಪುವಿನ ಸಾರ್ವಜನಿಕ ವಂಶ ಗ್ರಂಥಾಲಯದ ನಿಯಮಾವಳಿಯಂತೆ ಅಜ್ಜ ಅಜ್ಜಿಯರನ್ನು ಹದಿನೈದು ದಿನಗಳ ಮಟ್ಟಿಗೆ ಮನೆಗೆ ಒಯ್ಯಬಹುದು; ಮುತ್ತಜ್ಜಂದಿರನ್ನು ಮಾತ್ರ ವಾಚನಾಲಯದಲ್ಲೇ ಕುಳಿತು ನೋಡತಕ್ಕದ್ದು. ಹಳೇ ಮನೆ ಕೆಡವುವವರೆಲ್ಲ ಗೋಡೆಯ ಮೇಲಿದ್ದ ಹಿರಿಯರ ಫೋಟೋಗಳನ್ನು ತಂದು ಇಲ್ಲಿಗೆ ದಾನ ಮಾಡುತ್ತಿದ್ದರು. ಸಿಬ್ಬಂದಿಯವರು ಫೋಟೋದಲ್ಲಿ ಕೋಟು ಹಾಕಿದವರ ಕೋಟಿಗೆ, ಕೋಟಿಲ್ಲದವರ ಹಣೆಗೆ ಮುದ್ರೆ ಒತ್ತಿ ಕಪಾಟಿನಲ್ಲಿ ನಿಲ್ಲಿಸುತ್ತಿದ್ದರು. ಇದರ ಬಗ್ಗೆ ಹಿರಿಯರಿಂದ ಇದುವರೆಗೆ ದೂರು ಬಂದಿಲ್ಲ.

ಕಲ್ಯಾಣಪುರದ ಮೇಬಲ್‌ಗೆ ಅಷ್ಟು ಜನರಲ್ಲಿ ಬೇಕಾಗಿದ್ದದ್ದು ಒಬ್ಬರೇ, ಅಮ್ಮನ ಅಪ್ಪ ಲಾದ್ರು ಮಾಸ್ಟ್ರು. ಅಮ್ಮ ಆನ್ಸಿಲ್ಲಾ ಹುಟ್ಟುವ ಮೊದಲೇ ಅವರು ತೀರಿಹೋಗಿದ್ದರು. ಆನ್ಸಿಲ್ಲಾಗೆ ಎಂಬತ್ತು ದಾಟಿದರೂ ತಂದೆಯ ಮುಖ ಹೇಗಿತ್ತೆಂದು ಗೊತ್ತಿಲ್ಲ. "ಮೊಂತಿ ಹಬ್ಬಕ್ಕೆ ಹೊಸ ಅಕ್ಕಿ ಉಣ್ಣುವಾಗ ಒಮ್ಮೆ ಪಪ್ಪನ ಮುಖ ನೋಡಬೇಕಿತ್ತು" ಎಂದು ಪ್ರತಿ ವರ್ಷ ಆ ತೆನೆಹಬ್ಬ ಬಂದಾಗ ಹೇಳುವರು. ಈ ವರ್ಷ ಮೇಬಲ್ ಹುಡುಕಲು ಹೊರಟಳು. ಕಾರ್ಕಳದ ಶಾಲೆಯೊಂದರ ಹಳೆಯ ಸ್ಮರಣ ಸಂಚಿಕೆಯಲ್ಲಿ ಮಾಸ್ಟ್ರ ಹೆಸರು ಸಿಕ್ಕಿ, ಅಲ್ಲಿಂದ ಜಾಡು ಹಿಡಿದು, ಅವರ ಅಣ್ಣನ ಮನೆ ಕೆಡವಿದಾಗ ಫೋಟೋ ಕಾಪುವಿಗೆ ಹೋಯಿತೆಂದು ಪತ್ತೆ ಮಾಡಿ ಅವಳು ಓಡಿ ಬಂದಿದ್ದಳು.

"ಮಾಸ್ಟ್ರು ಹೊರಗೆ ಹೋಗಿದ್ದಾರೆ ಬಾಯಮ್ಮ," ಎಂದರು ಗ್ರಂಥಪಾಲಕ ಜಿತೇಶ್. "ಶಿರ್ವದ ಎಡ್ವಿನ್ ಪೊರ್ಬುಗಳು ಒಯ್ದಿದ್ದಾರೆ. ಹದಿನೈದು ದಿನಕ್ಕೊಮ್ಮೆ ನವೀಕರಿಸುತ್ತಲೇ ಇದ್ದಾರೆ."

"ಅವರಿಗೆ ನಮ್ಮ ಅಜ್ಜ ಎಂತಕ್ಕೆ?"

"ಕುವೈತಿನಿಂದ ಬಂದು ಹೊಸ ಮನೆ ಕಟ್ಟಿದ್ದು ಅಲ್ವಾ? ಹಾಲ್‌ನಲ್ಲಿ ದೊಡ್ಡ ಗೋಡೆ ಉಂಟು. ಸ್ವಂತ ಅಜ್ಜನ ಮೀಸೆ ಆ ಗೋಡೆಗೆ ಸಾಲಲಿಲ್ಲವಂತೆ."

"ಹಾಗಾದರೆ ಅವರ ನಂತರ ನನ್ನ ಹೆಸರು ಬರೆಯಿರಿ."

"ನಿಮ್ಮ ಮನೆಯಲ್ಲಿ ಅಮ್ಮ ಇದ್ದಾರಲ್ಲ? ಜೀವಂತ ಹಿರಿಯರು ಇರುವ ಮನೆಗೆ ಎರವಲು ಇಲ್ಲ. ಇಲ್ಲದವರಿಗೂ ಸಿಗಬೇಕಲ್ಲ!"

ಮೇಬಲ್ ಸಿಟ್ಟಿನಿಂದ ಬಸ್ಸು ಹತ್ತಿ ಶಿರ್ವಕ್ಕೆ ಹೋದಳು. ಹಾಲ್‌ನ ದೊಡ್ಡ ಗೋಡೆಯಲ್ಲಿ, ಎರಡು ಬಲ್ಬುಗಳ ನಡುವೆ, ಕೋಟಿನ ಮೇಲೆ ಮುದ್ರೆ ಹೊತ್ತು ಲಾದ್ರು ಮಾಸ್ಟ್ರು ಕುಳಿತಿದ್ದರು. ಎಡ್ವಿನ್ ಮರ್ಯಾದೆಯಿಂದಲೇ ಮಾತಾಡಿದ.

"ಕೊಡಲಿಕ್ಕೆ ಆಗುವುದಿಲ್ಲ ಬಾಯೆ. ಮನೆ ಆಶೀರ್ವಾದ ಆದದ್ದು ಇವರ ಎದುರಿಗೆ. ಮಕ್ಕಳು ಪರೀಕ್ಷೆಗೆ ಹೋಗುವುದೂ ಇವರಿಗೆ ಹೇಳಿಯೇ. ಈಗ ಇವರ ಹಾಗೆ ಕೈ ಕಟ್ಟಿ ಕೂತುಕೊಳ್ಳುತ್ತಾರೆ ನೋಡಿ."

ಮೇಬಲ್ ಲಿಖಿತ ದೂರು ಕೊಟ್ಟಳು. ಗ್ರಂಥಾಲಯ ಸಮಿತಿ ಚಹಾ ಕುಡಿದು, ಇನ್ನೊಮ್ಮೆ ಕುಡಿದು, ಪ್ರಕಟಣೆ ಹೊರಡಿಸಿತು: "ಲಾದ್ರು ಮಾಸ್ಟ್ರು ಮೂಲ ಕೃತಿಯಾಗಿದ್ದು, ಶ್ರೀಮತಿ ಆನ್ಸಿಲ್ಲಾ ಸದರಿ ಕೃತಿಯ ಅನುಬಂಧವೆಂದು ಸಾಬೀತಾಗಿದೆ. ಅನುಬಂಧವನ್ನು ಮೂಲದಿಂದ ಬೇರೆ ಇಟ್ಟುಕೊಳ್ಳುವುದು ನಿಯಮಬಾಹಿರ. ಕೂಡಲೇ ಮೂಲದ ಬಳಿಗೆ ಸೇರಿಸತಕ್ಕದ್ದು."

"ಅಮ್ಮ ಪುಸ್ತಕ ಅಲ್ಲ ಮಾರಾಯ್ರೆ!"

"ಗೊತ್ತುಂಟು ಬಾಯಮ್ಮ. ಪುಸ್ತಕ ಆಗಿದ್ದರೆ ಒಂದು ರಟ್ಟು ಹಾಕಿಸಬಹುದಿತ್ತು," ಎಂದರು ಜಿತೇಶ್, ನಿಜವಾದ ಬೇಸರದಿಂದ.

ಆನ್ಸಿಲ್ಲಾ ಮಾತ್ರ ಸುದ್ದಿ ಕೇಳಿದ ಕೂಡಲೇ ಒಳ್ಳೆಯ ಸೀರೆ ಉಟ್ಟು ತಯಾರಾದರು. ಶಿರ್ವದ ಹಾಲ್‌ನಲ್ಲಿ ಬಹಳ ಹೊತ್ತು ಫೋಟೋದ ಎದುರು ನಿಂತರು. ಆಮೇಲೆ ತಮ್ಮ ಕಿವಿ ಮುಟ್ಟಿಕೊಂಡು, "ನೋಡು ಮೇಬಲ್, ಇದು ಪಪ್ಪಂದೇ" ಎಂದರು. ಮೇಬಲ್ ಅತ್ತಳು. ಎರವಲು ಅಜ್ಜನ ಜೊತೆ ದಾಖಲೆಯ ಪ್ರಕಾರ ಈಗ ಸೋದರತ್ತೆಯೂ ಸಿಕ್ಕಿದ ಎಡ್ವಿನ್ ಕೂಡ ಅತ್ತ.

"ಹೊರಡುವ ಮಮ್ಮಿ?"

"ನೀನು ಹೋಗು. ಇಷ್ಟು ವರ್ಷ ಕಾದದ್ದು ಒಮ್ಮೆ ನೋಡಿ ಹೋಗಲಿಕ್ಕಾ?"

ಮೊಂತಿ ಹಬ್ಬದ ಹೊಸ ಅಕ್ಕಿಯನ್ನು ಆನ್ಸಿಲ್ಲಾ ಪಪ್ಪನ ಎದುರೇ ಉಂಡರು. ಮೇಬಲ್ ಕಲ್ಯಾಣಪುರದಲ್ಲಿ ಒಬ್ಬಳೇ ಕೂತು ಉಂಡಳು. ಮರುದಿನವೇ ಅವಳು ಕಾಪುವಿಗೆ ಬಂದಳು.

"ಈಗ ನೀವು ಅರ್ಹರು," ಎಂದು ಜಿತೇಶ್ ಸಂತೋಷಪಟ್ಟರು. "ಮನೆಯಲ್ಲಿ ಹಿರಿಯರು ಇಲ್ಲ ಅಲ್ವಾ! ಎಡ್ವಿನ್ ಪೊರ್ಬುಗಳಿಗೆ ಇನ್ನು ನವೀಕರಣವೂ ಇಲ್ಲ, ಅವರ ಮನೆಯಲ್ಲಿ ನಿಮ್ಮ ಅಮ್ಮ ಇದ್ದಾರೆ."

"ಹಾಗಾದರೆ ಇಬ್ಬರನ್ನೂ ನನಗೆ ಕೊಡಿ."

"ಮಣಿಪಾಲದ ಫ್ಲ್ಯಾಟಿನವರು ಮೊದಲೇ ಹೆಸರು ಕೊಟ್ಟಿದ್ದಾರೆ. ಗೃಹಪ್ರವೇಶಕ್ಕೆ ಅಪ್ಪ ಮಗಳು ಸೆಟ್ಟಾಗಿ ಬೇಕಂತೆ. ಅವರ ನಂತರ ಇನ್ನೂ ಕೆಲವರು ಇದ್ದಾರೆ. ಬರುವ ಮೊಂತಿ ಹಬ್ಬಕ್ಕೆ ನಿಮಗೆ ಖಂಡಿತ."

ಮೇಬಲ್ ಪಟ್ಟಿಯ ಕೊನೆಯಲ್ಲಿ ತನ್ನ ಹೆಸರು ಬರೆಸಿದಳು. "ಅಮ್ಮನಿಗೆ ರಾತ್ರಿ ಗಂಜಿಯೇ ಆಗಬೇಕು. ಅದನ್ನು ಎಲ್ಲಿಯಾದರೂ ಬರೆದಿಡಿ," ಎಂದಳು.

ಜಿತೇಶ್ ಅದನ್ನು 'ಬಳಕೆಯ ಸೂಚನೆ' ಎಂಬಲ್ಲಿ ಬರೆದುಕೊಂಡರು. ಮೇಬಲ್ ಅವರಿಗೆ ಥ್ಯಾಂಕ್ಸ್ ಹೇಳಿ ಮನೆಗೆ ಹೋಗಿ, ಗೋಡೆಗೊಂದು ಮೊಳೆ ಹೊಡೆದು, ಅದರ ಎದುರಿಗೆ ಅಮ್ಮನ ಕುರ್ಚಿ ಎಳೆದಿಟ್ಟಳು.