ಕತ್ತರಿಸಿದ ಕೊನೆಯ ಮೂರು ಸಾಲು

ಮೊದಲೇ ಹೇಳಿಬಿಡುತ್ತೇನೆ: ತಪ್ಪು ನನ್ನದು, ಅದಕ್ಕಾಗಿ ವಿಷಾದಿಸುತ್ತೇನೆ. ಪ್ರಬಂಧವೊಂದು ಹೀಗೆ ಆರಂಭವಾಗಬಾರದೆಂದು ನನಗೂ ಗೊತ್ತು.

ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಬೇರೆಯವರು ಬರೆದದ್ದನ್ನು ಕತ್ತರಿಸುವುದು ನನ್ನ ಕೆಲಸ. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸು ಎಂಬುದು ಈ ಕಸುಬಿನ ಮೊದಲ ಪಾಠ. ವರದಿಗಾರ ಮುಖ್ಯವಾದದ್ದನ್ನು ಮೇಲೆಯೇ ಬರೆದಿರುತ್ತಾನೆ. ಕೆಳಗೆ ಉಳಿಯುವುದು ‘ಗಣ್ಯರು ಉಪಸ್ಥಿತರಿದ್ದರು’ ಎಂಬ ಸಾಲು. ಅದು ಹೋದರೆ ಆ ಗಣ್ಯರಿಗಲ್ಲದೆ ಯಾರಿಗೂ ನೋವಾಗುವುದಿಲ್ಲ. ಆದರೆ ಡಾಕ್ಟರುಗಳು ವರದಿಗಾರರಲ್ಲ. ರೋಗಿ ಚೀಟಿ ಹಿಡಿದು ಬಾಗಿಲವರೆಗೆ ಹೋದ ಮೇಲೆ ಕೂಗಿ ಕರೆದು ಮುಖ್ಯವಾದದ್ದನ್ನು ಹೇಳುವವರು ಅವರು.

ನಮ್ಮ ಆರೋಗ್ಯ ಪುಟಕ್ಕೆ ದೇಶಪಾಂಡೆ ನಗರದ ನಿವೃತ್ತ ಡಾಕ್ಟರೊಬ್ಬರು ಬರೆಯುತ್ತಾರೆ. ಆ ವಾರದ ಲೇಖನ ಚೆನ್ನಾಗಿತ್ತು. ಕೊಯ್ದಿಟ್ಟ ಸೇಬು ಗಾಳಿಗೆ ಕಂದುವ ಹಾಗೆ, ಉಸಿರಾಡಿದ ಆಮ್ಲಜನಕದಿಂದಲೇ ದೇಹದ ಜೀವಕೋಶಗಳೂ ಒಂದಿಷ್ಟು ಹಾಳಾಗುತ್ತವೆ. ಸೇಬಿಗೆ ಲಿಂಬೆರಸ ಸವರಿದರೆ ಕಂದುವುದು ತಡವಾಗುತ್ತದಲ್ಲ, ದೇಹಕ್ಕೂ ಅಂಥ ಕಾವಲಿದೆ: ನೆಲ್ಲಿಕಾಯಿಯ ಸಿ ವಿಟಮಿನ್, ಶೇಂಗಾದ ಇ, ಗಜ್ಜರಿಯ ಬೀಟಾ ಕೆರೋಟಿನ್. ಬೀಡಿ, ಸಿಗರೇಟು ಸೇದುವವರಲ್ಲಿ ಈ ಹಾನಿ ಇನ್ನೂ ಹೆಚ್ಚು ಎಂದೂ ಬರೆದಿದ್ದರು. ಪುಟದಲ್ಲಿ ಮೂರು ಸಾಲು ಹೆಚ್ಚಾಯಿತು. ಕೆಳಗಿನಿಂದ ಮೂರು ಸಾಲು ತೆಗೆದು ಚಹಾಕ್ಕೆ ಹೋದೆ.

ಮುಂದಿನ ತಿಂಗಳು ಮುಗದ ಎಂಬ ಹಳ್ಳಿಗೆ, ಅಕ್ಕನ ಮನೆಗೆ ಹೋದಾಗ ಆ ಲೇಖನ ಅಲ್ಲಿ ಕಪಾಟಿನ ಬಾಗಿಲಿಗೆ ಅಂಟಿಕೊಂಡಿತ್ತು. ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದವರನ್ನು ಅಕ್ಕ ಎರಡು ವರ್ಷ ಕಾಡಿ ಬೇಡಿ ನಾಲ್ಕಕ್ಕೆ ಇಳಿಸಿದ್ದಳು. ಅಂದು ಊಟವಾದ ಮೇಲೆ ಅವರು ಕೇಸರಿ ಬಣ್ಣದ ಗುಳಿಗೆಯೊಂದನ್ನು ನುಂಗಿ, ಕೆಮ್ಮಿ, ಬೀಡಿ ಹಚ್ಚಿದರು. ಪಕ್ಕದಲ್ಲಿ ಇಡೀ ಕಟ್ಟು ಇತ್ತು.

“ಇದೇನ್ರಿ ಮಾಮಾ, ಮತ್ತ ಶುರು?”

“ಈಗ ಚಿಂತಿಲ್ಲೋ ತಮ್ಮಾ. ಹೊಗಿ ಕೆಡಸ್ತದ, ಗುಳಿಗಿ ಕಾಯ್ತದ. ಗಜ್ಜರಿ ಸತ್ವ ಇದು. ನಿಮ್ಮ ಪೇಪರಿನ್ಯಾಗ ಬಂದದ್ದ ಐತಿ.”

ಕತ್ತರಿಸಿದ ಮೂರು ಸಾಲು ನನಗೆ ಅಕ್ಷರಶಃ ನೆನಪಾದವು: ‘ಇವನ್ನು ಊಟದಿಂದ ಪಡೆಯುವುದೇ ಸರಿ. ಬೀಡಿ, ಸಿಗರೇಟು ಸೇದುವವರು ಬೀಟಾ ಕೆರೋಟಿನ್ ಗುಳಿಗೆ ನುಂಗಕೂಡದು; ಅವರಲ್ಲಿ ಅದು ಶ್ವಾಸಕೋಶದ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸಬಲ್ಲದು.’

ಹೇಳಿದೆ. ಯಾರು ಕತ್ತರಿಸಿದರೆಂಬುದನ್ನೂ ಹೇಳಿದೆ. ಅಕ್ಕ ರೊಟ್ಟಿ ಬುಟ್ಟಿ ಕೆಳಗಿಟ್ಟಳು.

“ಯಾಕ ಕಡದಿ?”

“ಜಾಗಾ ಇರಲಿಲ್ಲ ಅಕ್ಕಾ.”

“ಇದಕ್ಕ ಜಾಗಾ ಇತ್ತಲ್ಲ?” ಅವಳು ಲೇಖನದ ನಡುವೆ ಅಂಗೈಯಗಲ ಅಚ್ಚಾಗಿದ್ದ ಚಿತ್ರದ ಮೇಲೆ ಬೆರಳಿಟ್ಟಳು. “ಗಜ್ಜರಿ ಹೆಂಗಿರ್ತಾವ ಅಂತ ನಮಗ ಗೊತ್ತಿರಲಿಲ್ಲೇನು?”

ಮಾಮಾ ಮಾತ್ರ ಶಾಂತವಾಗಿದ್ದರು. “ನೀ ಬಾಯಿಲೆ ಹೇಳಿದ್ರ ನಂಬಾಂಗಿಲ್ಲ. ಪೇಪರಿನ್ಯಾಗ ಬರಲಿ, ಬಿಡ್ತೇನಿ.” ಅಕ್ಷರದ ಮೇಲೆ ಜನರಿಗೆ ನಂಬಿಕೆ ಹೋಯಿತೆಂದು ನಮ್ಮಲ್ಲಿ ಆಗಾಗ ಸಭೆ ನಡೆಯುತ್ತದೆ. ಅಂಥ ನಂಬಿಕೆ ಎದುರಿಗೇ ಕೂತು ಕೆಮ್ಮುತ್ತಿದ್ದಾಗ ನನಗೆ ಭಯವಾಯಿತು.

ಮರುದಿನವೇ ಡಾಕ್ಟರಿಗೆ ಫೋನ್ ಮಾಡಿ, ಸಂಪಾದಕರ ಎದುರು ತಲೆತಗ್ಗಿಸಿ ನಿಂತು, ಸ್ಪಷ್ಟನೆ ಬರೆದೆ. ಎಚ್ಚರಿಕೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ. ಅದು ಅಚ್ಚಾಗಿ ವಾರವಾದ ಮೇಲೆ ಕೆಲಗೇರಿಯ ನನ್ನ ಮನೆಗೆ ಅಕ್ಕನ ಫೋನ್ ಬಂತು. ಮಾಮಾ ಅದನ್ನು ಎರಡು ಸಲ ಓದಿ, ಗುಳಿಗೆ ಡಬ್ಬಿಯನ್ನು ಅವಳ ಕೈಗೆ ಕೊಟ್ಟಿದ್ದರು. ಕಾಯುವ ಗುಳಿಗೆ ಹೋದ ಮೇಲೆ ಧೈರ್ಯ ಸಾಲದೆ ಬೀಡಿಯೂ ಮತ್ತೆ ನಾಲ್ಕಕ್ಕೆ ಇಳಿದಿತ್ತು.

“ಆದ್ರ ಒಂದ ಮಾತು,” ಎಂದಳು. “ತಪ್ಪಾತು ಅಂತ ಎಲ್ಲೂ ಬರದಿಲ್ಲಲ್ಲೋ?”

ಬರೆದಿದ್ದೆ. ‘ಈ ಲೋಪಕ್ಕೆ ವಿಷಾದಿಸುತ್ತೇವೆ’ ಎಂದು ಕಡೆಯಲ್ಲಿ ಬರೆದಿದ್ದೆ. ಪುಟದಲ್ಲಿ ಒಂದು ಸಾಲು ಹೆಚ್ಚಾಯಿತು. ಕೆಳಗಿನಿಂದ ಕತ್ತರಿಸಿದೆ.

ಆದ್ದರಿಂದಲೇ ಈ ಸಲ ಅದನ್ನು ಮೊದಲ ಸಾಲಿನಲ್ಲೇ ಇಟ್ಟಿದ್ದೇನೆ.