ಬಿಸಿಲಿಗೆ ಕಟ್ಟಿದ ಹಸಿ ಸೀರೆ

ಎಂಜಿನಿಯರ್ ಸಿದ್ಧಲಿಂಗೇಶನ ಗ್ರಹಚಾರ ಶುರುವಾಗಿದ್ದು ಮೀಟಿಂಗಿನಲ್ಲಿ ಬಾಯಿ ತಪ್ಪಿ ಆಡಿದ ಒಂದು ಮಾತಿನಿಂದ. ಲಾಸ್ ಏಂಜಲೀಸಿಗೆ ದಕ್ಷಿಣದ ಕಾರ್ಲ್ಸ್‌ಬಾಡಿನ ಹೊಸ ಆಫೀಸು ಕಟ್ಟಡಕ್ಕೆ ಹಸಿರು ಕಟ್ಟಡದ ಸರ್ಟಿಫಿಕೇಟು ಬೇಕಿತ್ತು. ನೀರು ಬಳಸಿ ತಂಪು ಮಾಡೋಣವೆಂದರೆ ಊರಿಗೇ ನೀರಿನ ಬರ. ನೀರು ಬಿಟ್ಟರೆ ಕರೆಂಟು ಮಿತಿ ಮೀರುತ್ತಿತ್ತು. ಎರಡನ್ನೂ ಮಿತಿಯಲ್ಲಿಟ್ಟು ತೋರಿಸುತ್ತೇನೆ ಎಂದುಬಿಟ್ಟ ಪುಣ್ಯಾತ್ಮ.

ಬಾಸ್ ಉದಯಶಂಕರ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಪಾಸಾದರೆ ಲಾಸ್ ಏಂಜಲೀಸಿನ ದೊಡ್ಡ ಪ್ರಾಜೆಕ್ಟು ಅವನಿಗೆ. ಫೇಲಾದರೆ ಈ ಕಟ್ಟಡವನ್ನೇ ಕಾಯುತ್ತ ಕೂರಬೇಕು.

ಪರೀಕ್ಷೆಯ ದಿನವೇ ಮರುಭೂಮಿಯ ಕಡೆಯಿಂದ ಒಣಗಾಳಿ ಬೀಸಿತು. ಅದರ ಮೇಲೆ ಜೊತೆಯಲ್ಲಿ ಅವ್ವ. ಬಾಗಲಕೋಟೆಯಿಂದ ಬಂದಿದ್ದ ಅನ್ನಪೂರ್ಣವ್ವ ಮನೆಯಲ್ಲಿ ಒಬ್ಬರೇ ಕೂರಲು ಒಪ್ಪದೆ ವಾರದಿಂದ ದಿನಾ ಮಗನ ಹಿಂದೆ ಬರುತ್ತಿದ್ದರು. ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರು ಮಣ್ಣುಪಾಲಾಗುವುದನ್ನು ನೋಡಲಾರದೆ ಖಾಲಿ ಡಬ್ಬಗಳಲ್ಲಿ ಹಿಡಿದಿಟ್ಟಿದ್ದರು. ಮಗನಿಗೆ ನಾಚಿಕೆ. ಇವತ್ತಾದರೂ ಹಿತ್ತಲ ಕಡೆ ಹೋಗಬೇಡ ಎಂದು ಕೈಮುಗಿದು, ಹೊಲಿಗೆಗೆಂದು ತಂದಿದ್ದ ಸೀರೆಗಳ ಚೀಲದ ಸಮೇತ ಅವರನ್ನು ಸೋಫಾದಲ್ಲಿ ಕೂರಿಸಿದ.

ಮಧ್ಯಾಹ್ನ ಒಂದಕ್ಕೆ ಕರೆಂಟು ಮಿತಿ ದಾಟಿತು. ಸಹೋದ್ಯೋಗಿ ಓಂಪ್ರಕಾಶ್ ಒಂದು ಮಹಡಿಯ ದೀಪ ಆರಿಸೋಣವೆಂದ. ಇನ್ಸ್‌ಪೆಕ್ಟರ್ ಮಾರ್ತಾ ಕನ್ನಡಕದ ಮೇಲಿಂದ ನೋಡಿದರು, ಅವನು ಕೈಯನ್ನು ಜೇಬಿಗಿಟ್ಟುಕೊಂಡ. ಉದಯಶಂಕರ ಗಡಿಯಾರ ನೋಡತೊಡಗಿದರು. ಸಿದ್ಧಲಿಂಗೇಶನ ಅಂಗಿ ಮಾತ್ರ ಬೆವರಿನಿಂದ ಹಸಿರು ಕಟ್ಟಡಕ್ಕಿಂತ ತಂಪಾಗಿತ್ತು.

ಎರಡು ಗಂಟೆಗೆ ಕರೆಂಟು ಮೀಟರಿನ ಅಂಕಿ ಇಳಿಯತೊಡಗಿತು. ಇಳಿದು ಇಳಿದು ಮಿತಿಯೊಳಗೆ ಬಂತು. ಮೀಟರಿಗೆ ಯಾರೋ ಕೈಯಾಡಿಸಿದ್ದಾರೆ ಎಂದು ಅನುಮಾನಿಸಿದ ಮಾರ್ತಾ ಸೀದಾ ಹಿತ್ತಲಿಗೆ ನಡೆದರು. ಸೋಫಾ ಖಾಲಿಯಿದ್ದದ್ದನ್ನು ನೋಡಿ ಸಿದ್ಧಲಿಂಗೇಶನೂ ಅವರ ಹಿಂದೆಯೇ ಓಡಿದ.

ಎಸಿ ಯಂತ್ರಗಳ ಸುತ್ತಲಿನ ಬೇಲಿಗೆ ನಾಲ್ಕು ಇಳಕಲ್ ಸೀರೆಗಳು ಹಸಿಯಾಗಿ ತೂಗುತ್ತಿದ್ದವು. ಅನ್ನಪೂರ್ಣವ್ವ ಚೊಂಬಿನಿಂದ ಅವಕ್ಕೆ ನೀರು ಎರಚುತ್ತಿದ್ದರು.

"ಅವ್ವಾ, ಇದೇನ ಮಾಡಾಕತ್ತೀ?"

"ನಿನ್ನ ಮಷಿನ್ ಬಿಸಿಗಾಳಿ ಕುಡದು ಏದುಸಿರು ಬಿಡಾಕತ್ತಿತ್ತು. ನಮ್ಮೂರಾಗ ಬ್ಯಾಸಗ್ಯಾಗ ಕಿಡಕಿಗೆ ಹಸಿ ಅರಿವಿ ಕಟ್ಟಂಗಿಲ್ಲೇನು? ಇದಕ್ಕೂ ಕಟ್ಟೀನಿ."

ಮಾರ್ತಾ ನೀರಿನ ಮೀಟರು ನೋಡಿದರು. ಒಂದು ತೊಟ್ಟೂ ಹೆಚ್ಚಿರಲಿಲ್ಲ. ಡಬ್ಬಗಳನ್ನು ನೋಡಿದರು, ಸೀರೆ ಮುಟ್ಟಿದರು, ಕೊನೆಗೆ ಅನ್ನಪೂರ್ಣವ್ವನ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಬುದ್ಧಿ ಕಂಡಿಲ್ಲ ಎಂದರು. ನಿಜ, ಎಂಜಿನಿಯರುಗಳ ಹಿಂಡಿಗೆ ಹೊಳೆಯದ್ದು ಆ ತಾಯಿಗೆ ಹೊಳೆದಿತ್ತು. ಮಗನ ಕಣ್ಣಲ್ಲೂ ನೀರಾಡಿತು.

ಕಟ್ಟಡ ಪಾಸಾಯಿತು. ಷರತ್ತು ಒಂದೇ: ಇವತ್ತು ನಡೆದ ಏರ್ಪಾಡು ಬೇಸಿಗೆ ಪೂರ್ತಿ ಹೀಗೆಯೇ ನಡೆಯಬೇಕು, ಕಟ್ಟಡದ ಎಂಜಿನಿಯರು ಪ್ರತಿದಿನ ಸ್ಥಳದಲ್ಲಿದ್ದು ಲೆಕ್ಕ ಬರೆಯಬೇಕು.

"ಸರ್, ಹಾಗಾದ್ರೆ ಲಾಸ್ ಏಂಜಲೀಸ್?" ಎಂದ ಸಿದ್ಧಲಿಂಗೇಶ, ಕ್ಷೀಣವಾಗಿ.

"ಅದಕ್ಕೇನ್ ಯೋಚ್ನೆ ಮಾಡ್ಬೇಡಿ," ಎಂದರು ಉದಯಶಂಕರ, ಕಾರಿನ ಮುಂದಿನ ಬಾಗಿಲು ತೆರೆದು ಹಿಡಿದು. "ಸೈಟ್ ನೋಡೋಕೆ ಅಮ್ಮನ್ನ ನಾನೇ ಕರ್ಕೊಂಡ್ ಹೋಗ್ತೀನಿ. ಬನ್ನಿ ಅಮ್ಮಾ."

ಅನ್ನಪೂರ್ಣವ್ವ ಸೀಟಿನಲ್ಲಿ ಕುಳಿತು, ಕಿಟಕಿಯಿಂದ ಕೈಚಾಚಿ ಮಗನಿಗೆ ಚೊಂಬು ಕೊಟ್ಟರು.

"ಸೀರಿ ಆರಗೊಡಬ್ಯಾಡಪಾ," ಎಂದರು.